ಡಿಸೆಂಬರ್‌ನಲ್ಲಿ ತಾಯಿಯವರೊಂದಿಗೆ ನಾರ್ವೆಗೆ ಹೋಗಬಹುದೇ?

ಪ್ರಶ್ನೆ (ಕಲಬುರಗಿ):
ಎಲ್ಲರಿಗೂ ಶರಣು. ಧ್ರುವಪ್ರಭೆ, ಅಂದರೆ ಧ್ರುವದ ಸಮೀಪದ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕನ್ನು ನೋಡಬೇಕೆಂಬುದು ನಮ್ಮ ತಾಯಿಯವರ ಬಹುದಿನಗಳ ಆಸೆ. ಅದಕ್ಕಾಗಿ ಡಿಸೆಂಬರ್ ರಜೆಯಲ್ಲಿ ನಾರ್ವೆಯ ಟ್ರೋಮ್ಸೊ ನಗರಕ್ಕೆ ಹೋಗಬೇಕೆಂದಿದ್ದೇವೆ. ನಮ್ಮೂರ ಬಿಸಿಲಿಗೆ ಒಗ್ಗಿದ ಅರವತ್ತೈದರ ಜೀವ ಅಲ್ಲಿಯ ಚಳಿಯನ್ನು ತಾಳಬಲ್ಲದೇ, ವೀಸಾಕ್ಕೆ ಯಾವಾಗ ಅರ್ಜಿ ಹಾಕಬೇಕು, ಅವರು ಶುದ್ಧ ಸಸ್ಯಾಹಾರಿಗಳಾದ್ದರಿಂದ ಮನೆಯಿಂದ ಏನೇನು ಒಯ್ಯಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೀದರ್):
ಚಳಿಗಿಂತ ಮೊದಲು ಕತ್ತಲೆಯ ವಿಚಾರ ಮಾಡಿರಿ. ಟ್ರೋಮ್ಸೊ 69 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿದೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ನಡುಹಗಲಿನಲ್ಲಿ ಕೆಲವು ತಾಸು ನೀಲಿ ಮಬ್ಬು ಬೆಳಕಷ್ಟೇ ಇರುತ್ತದೆ. ವಯಸ್ಸಾದವರನ್ನು ಮೊದಲ ಸಲ ಕರೆದೊಯ್ಯುವುದಾದರೆ ಮಾರ್ಚ್ ತಿಂಗಳೇ ಲೇಸೆಂದು ನನ್ನ ಖಚಿತ ಅಭಿಪ್ರಾಯ. ಆಗ ಹಗಲು ರಾತ್ರಿಗಳು ಹೆಚ್ಚುಕಡಿಮೆ ಸಮನಾಗಿರುತ್ತವೆ, ಹಿಮವೂ ಇರುತ್ತದೆ, ಧ್ರುವಪ್ರಭೆ ಕಾಣಲು ಬೇಕಾದ ಕತ್ತಲೆಯೂ ಸಿಗುತ್ತದೆ. ಮೋಡ ಕವಿದ ರಾತ್ರಿ ಏನೂ ಕಾಣದಾದ್ದರಿಂದ ನಾಲ್ಕೈದು ರಾತ್ರಿಯಾದರೂ ಅಲ್ಲಿ ತಂಗಿರಿ.

ಬೆಚ್ಚಗಿನ ಸಾಗರ ಪ್ರವಾಹದಿಂದಾಗಿ ಆ ಕರಾವಳಿಯ ಚಳಿ, ಅಷ್ಟು ಉತ್ತರದ ಬೇರೆ ಊರುಗಳಷ್ಟು ಕಠಿಣವಲ್ಲ. ಆದರೆ ಹತ್ತಿಯ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈಯನ್ನು ತಣ್ಣಗಾಗಿಸುತ್ತದೆ. ಮೈಗೆ ತಾಗುವ ಒಳಉಡುಪು ಉಣ್ಣೆಯದೇ ಆಗಿರಲಿ. ತಾಯಿಯವರ ಮಟ್ಟಿಗೆ ನನಗೆ ಹೆಚ್ಚು ಚಿಂತೆ ಇರುವುದು ಜಾರುವ ನೆಲದ್ದು. ಹಗಲು ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿ ಕಾಲುದಾರಿಯೆಲ್ಲ ಗಾಜಿನಂತಾಗುತ್ತದೆ. ಬೂಟಿನ ಅಡಿಗೆ ಸಿಕ್ಕಿಸಿಕೊಳ್ಳುವ, ಕಬ್ಬಿಣದ ಮೊಳೆಗಳಿರುವ ರಬ್ಬರ್ ಪಟ್ಟಿಗಳು ಅಲ್ಲಿಯ ಅಂಗಡಿಗಳಲ್ಲಿ ಸಿಗುತ್ತವೆ. ಅವನ್ನು ಕೊಳ್ಳದೆ ಅವರನ್ನು ಹೊರಗೆ ನಡೆಸಬೇಡಿರಿ.

ಉತ್ತರ (ಯಾದಗಿರಿ):
ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಇಬ್ಬರೂ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. ಕನಿಷ್ಠ 30,000 ಯುರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ನಾರ್ವೆಯಲ್ಲಿ ನಡೆಯುವ ಹಣ ಯುರೋ ಅಲ್ಲ, ಕ್ರೋನ. ಬಹುತೇಕ ಎಲ್ಲ ಕಡೆ ಕಾರ್ಡ್ ನಡೆಯುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ತಾಯಿಯವರೂ ಮಾರ್ಚ್‌ಗೆ ಒಪ್ಪಿದ್ದಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ತುಪ್ಪವನ್ನೂ ಕಟ್ಟಿಕೊಳ್ಳುತ್ತೇನೆನ್ನುತ್ತಿದ್ದಾರೆ, ಆಗುತ್ತದೆಯೇ?

ಉತ್ತರ (ಯಾದಗಿರಿ):
ತುಪ್ಪ, ಪೇಢೆ ಬೇಡ. ಭಾರತದಿಂದ ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ. ರೊಟ್ಟಿ ಮತ್ತು ಹಿಂಡಿಗೆ ಆ ನಿರ್ಬಂಧವಿಲ್ಲ. ಅಡುಗೆಮನೆ ಇರುವ ವಸತಿಯನ್ನೇ ಕಾಯ್ದಿರಿಸಿರಿ. ಬೆಣ್ಣೆ ಅಲ್ಲಿಯೇ ಸಿಗುತ್ತದೆ, ತಾಯಿಯವರು ಅದನ್ನು ಕಾಯಿಸಿ ತುಪ್ಪ ಮಾಡಿಕೊಳ್ಳಬಹುದು.