ಹಡಗಿನ ಪ್ರವಾಸ ನಿಜಕ್ಕೂ ಅಗ್ಗವೇ? ಹೋಗಿಬಂದವರು ತಿಳಿಸಿ

ದಾವಣಗೆರೆಯ ಸೊಸೆ:
ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಹೊರಡುವ ಯೋಚನೆ ಇದೆ. ನಾವಿಬ್ಬರು, ಹನ್ನೊಂದು ಮತ್ತು ಆರು ವರ್ಷದ ಮಕ್ಕಳು, ಮಂಡಿನೋವಿನ ಅತ್ತೆ. ಊಟ, ವಸತಿ, ತಿರುಗಾಟ ಎಲ್ಲವೂ ಒಂದೇ ಟಿಕೆಟ್‌ನಲ್ಲಿ ಎನ್ನುತ್ತಾರೆ. ಒಂದೂವರೆ ಲಕ್ಷದಲ್ಲಿ ಮುಗಿಯುತ್ತದೆಯೇ? ಮುಂಬೈಯಿಂದ ಲಕ್ಷದ್ವೀಪವೋ, ಸಿಂಗಪುರದ ಕಡೆಯದೋ? ಅತ್ತೆಯವರಿಗೆ ಆಗಿಬರುತ್ತದೆಯೇ ಎಂಬುದೇ ನನ್ನ ಮುಖ್ಯ ಚಿಂತೆ.

ಕಲಬುರಗಿಯ ಲೆಕ್ಕಿಗ:
ಅಗ್ಗ ಎಂದವರನ್ನು ನನ್ನ ಮುಂದೆ ಕರೆತನ್ನಿ, ರಸೀದಿಗಳ ಕಟ್ಟು ಇನ್ನೂ ಇಟ್ಟಿದ್ದೇನೆ. ಮುಂಬೈ–ಲಕ್ಷದ್ವೀಪ, ನಾಲ್ಕು ರಾತ್ರಿ. ಜಾಹೀರಾತಿನಲ್ಲಿ ತಲೆಗೆ 22,000. ನಾಲ್ವರಿಗೆ 88,000 ಎಂದು ಮನೆಯವಳಿಗೆ ಹೇಳಿ ಒಪ್ಪಿಸಿದೆ. ಬಂದರು ಶುಲ್ಕ, ಜಿಎಸ್‌ಟಿ ಸೇರಿ ಬಿಲ್ ಬಂದದ್ದು 1,09,600. ಉದ್ಯಾನ್ ಎಕ್ಸ್‌ಪ್ರೆಸ್ ಇಳಿದು ಹಡಗು ಹೊರಡುವ ಬಲ್ಲಾರ್ಡ್ ಪಿಯರ್‌ಗೆ ಟ್ಯಾಕ್ಸಿ ಹಿಡಿದೆವು; ಎರಡು ಕಿಲೋಮೀಟರೂ ಇಲ್ಲ, 300 ಕಿತ್ತುಕೊಂಡ. ಹಡಗಿನೊಳಗೆ ಸೇವಾ ಶುಲ್ಕ ತಲೆಗೆ ರಾತ್ರಿಗೆ 400, ಅಂದರೆ 6,400. ವೈಫೈ 1,800, ಅದೂ ಒಂದೇ ಮೊಬೈಲ್‌ಗೆ. ನೀರಿನ ಬಾಟಲಿ 60. ನಗದು ನಡೆಯುವುದಿಲ್ಲ, ಕೋಣೆಯ ಕಾರ್ಡ್ ಉಜ್ಜಿದರೆ ಆಯಿತು. ಹಾಗಾಗಿ ಮಗ ಐಸ್‌ಕ್ರೀಮ್ ತಿಂದದ್ದೆಲ್ಲ ಕೊನೆಯ ಬೆಳಿಗ್ಗೆಯೇ ಗೊತ್ತಾದದ್ದು: 2,340.

ಇಷ್ಟೆಲ್ಲ ಸಹಿಸಬಹುದಿತ್ತು. ಲಕ್ಷದ್ವೀಪದ ಒಳಕಡಲು ಆಳವಿಲ್ಲ, ಸುತ್ತ ಹವಳದ ದಿಬ್ಬ. ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುತ್ತಾರೆ. ಬೆಳಿಗ್ಗೆ ಏಳಕ್ಕೆ ಘೋಷಣೆ: ಅಲೆ ಹೆಚ್ಚಿದೆ, ಯಾರೂ ಇಳಿಯುವಂತಿಲ್ಲ. ಅಗತ್ತಿ ದ್ವೀಪದ ತೆಂಗಿನ ಮರಗಳನ್ನು ಎಣಿಸುವಷ್ಟು ಹತ್ತಿರದಲ್ಲಿದ್ದೆವು. ದ್ವೀಪ ಸುತ್ತಾಟಕ್ಕೆಂದು ಬೇರೆ ಕಟ್ಟಿದ್ದ ಹಣ ಮರಳಿತು, ಟಿಕೆಟ್ ಹಣದಲ್ಲಿ ಒಂದು ಪೈಸೆಯೂ ಇಲ್ಲ. ಮಕ್ಕಳಿಗೆ ಲಕ್ಷದ್ವೀಪವನ್ನು ಹಡಗಿನ ಕಂಬಿಗೆ ಒರಗಿ ತೋರಿಸಿದೆ.

ಕುಂದಾಪುರದವಳು:
ಎಲ್ಲ ಬರೆದಿರಿ, ಯಾವ ತಿಂಗಳು ಎಂದು ಮಾತ್ರ ಬರೆಯಲಿಲ್ಲ. ಮಳೆಗಾಲ ಹತ್ತಿರವಾದಂತೆ ಕಡಲು ಏಳುತ್ತದೆ ಎಂಬುದು ನಮ್ಮೂರಿನ ಮಗುವಿಗೂ ಗೊತ್ತು.

ನಾವು 2024ರಲ್ಲಿ ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್‌ಗೆ ಮೂರು ರಾತ್ರಿಯ ಹಡಗಿನಲ್ಲಿ ಹೋದೆವು. ನಾಲ್ವರಿಗೂ ಒಂದೇ ಒಳಕೋಣೆ. ಕಿಟಕಿ ಇಲ್ಲ. ಮೇಲಿನ ಎರಡು ಮಂಚ ರೈಲಿನ ಬರ್ತ್‌ನಂತೆ ಚಾವಣಿಯಿಂದ ಇಳಿಯುತ್ತವೆ. ಒಂದೇ ಕೋಣೆಯ ಮೂರನೆಯ, ನಾಲ್ಕನೆಯ ತಲೆಗೆ ದರ ಬಹಳ ಕಡಿಮೆ. ಗುಟ್ಟು ಇರುವುದೇ ಅಲ್ಲಿ. ಒಟ್ಟು 92,000. ಏಜೆಂಟರು 5% ಟಿಸಿಎಸ್, ಅಂದರೆ ಮುಂಗಡ ಆದಾಯ ತೆರಿಗೆ, ಹಿಡಿದಿದ್ದರು, ರಿಟರ್ನ್ ಸಲ್ಲಿಸಿ ವಾಪಸು ಪಡೆದೆ. ಮಲೇಷ್ಯಾಕ್ಕೆ 2023ರ ಡಿಸೆಂಬರ್‌ನಿಂದ ನಮಗೆ ವೀಸಾ ಬೇಕಿರಲಿಲ್ಲ. ಸಿಂಗಪುರಕ್ಕೆ ಬೇಕೇ ಬೇಕು. ಹಡಗು ಮತ್ತೆ ಅಲ್ಲಿಗೇ ಮರಳುವುದರಿಂದ ಬಹುಪ್ರವೇಶದ ವೀಸಾ ಎಂಬುದನ್ನು ಖಚಿತಪಡಿಸಿಕೊಳ್ಳಿ.

ನನ್ನ ಪೆಚ್ಚುತನವನ್ನೂ ಹೇಳಿಬಿಡುತ್ತೇನೆ. ಚಹಾಕ್ಕೆಂದು ಕರೆಂಟಿನ ಕೆಟಲ್ ಒಯ್ದಿದ್ದೆ. ಬೆಂಕಿಯ ಭಯಕ್ಕೆ ಹಡಗಿನಲ್ಲಿ ಕೆಟಲ್, ಇಸ್ತ್ರಿಪೆಟ್ಟಿಗೆ ಎಲ್ಲ ನಿಷಿದ್ಧ. ಸಾಮಾನು ತಪಾಸಣೆಯಲ್ಲೇ ಎತ್ತಿಟ್ಟುಕೊಂಡು ಚೀಟಿ ಕೊಟ್ಟರು. ಇಳಿಯುವ ದಿನ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮೂವತ್ತು ನಲವತ್ತು ಕೆಟಲ್‌ಗಳು ಸಾಲಾಗಿ ನಿಂತಿದ್ದವು, ನಡುವೆ ಎರಡು ರೈಸ್ ಕುಕ್ಕರ್. ಮುಂದೆ ನಿಂತವರೆಲ್ಲ ನಮ್ಮವರೇ, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕಲಬುರಗಿಯ ಲೆಕ್ಕಿಗ:
ಮೇ ಮಧ್ಯದಲ್ಲಿ ಹೋದದ್ದು ಹೌದು. ಮಕ್ಕಳಿಗೆ ರಜೆ ಇರುವುದೇ ಆಗ. ಜನವರಿಯಲ್ಲಿ ಶಾಲೆ ಬಿಡಿಸಿ ಕರೆದೊಯ್ಯಬೇಕಿತ್ತೇ ಅಕ್ಕಾವರೇ? ಇನ್ನು, ಬೆಂಗಳೂರಿನಿಂದ ಸಿಂಗಪುರಕ್ಕೆ ಈಜಿಕೊಂಡು ಹೋದಿರೇ? ವಿಮಾನದ ದುಡ್ಡು ಎಲ್ಲಿ?

ಕುಂದಾಪುರದವಳು:
1,04,000. ಕೇಳಿದ್ದರೆ ಹೇಳುತ್ತಿದ್ದೆ.

ಕಲಬುರಗಿಯ ಲೆಕ್ಕಿಗ:
ಅಂದರೆ 1,96,000. ಇದು ಅಗ್ಗ!

ಬಾಲ್ಕನಿಯವನು:
ಒಳಕೋಣೆ ಎಂದರೆ ಗೋದಾಮು. ಹಗಲೋ ರಾತ್ರಿಯೋ ತಿಳಿಯದ ಕತ್ತಲೆಯಲ್ಲಿ ಮಲಗಲು ಸಮುದ್ರಕ್ಕೆ ಏಕೆ ಹೋಗಬೇಕು? ನಾನು 18,000 ಹೆಚ್ಚು ಕೊಟ್ಟು ಬಾಲ್ಕನಿ ಪಡೆದೆ. ನಸುಕಿನಲ್ಲಿ ಕಾಫಿ ಲೋಟ ಹಿಡಿದು ಅಲ್ಲಿ ಕುಳಿತದ್ದೇ ನನಗೆ ಪ್ರವಾಸ. ಇಲ್ಲಿ ಎಲ್ಲರೂ ರೂಪಾಯಿ ಎಣಿಸುತ್ತಾರೆ, ಯಾರೂ ಸಮುದ್ರ ನೋಡಿದಂತಿಲ್ಲ.

ಕುಂದಾಪುರದವಳು:
ಸಮುದ್ರ ನೋಡಲು ನನಗೆ ಹಿತ್ತಲ ಬಾಗಿಲು ತೆರೆದರೆ ಸಾಕು ಸ್ವಾಮಿ. ಮೇಲಿನ ಮಹಡಿಯಲ್ಲಿ, ಅದೂ ಮುಂತುದಿಯ ಕೋಣೆಗಳಲ್ಲಿ ತುಯ್ತ ಜಾಸ್ತಿ. ಕೆಳಗೆ, ಹಡಗಿನ ನಡುಭಾಗದಲ್ಲಿ ಅತಿ ಕಡಿಮೆ. ನಿಮ್ಮ ಮನೆಯವರು ಎಷ್ಟು ಬಾರಿ ವಾಂತಿ ಮಾಡಿಕೊಂಡರು ಎಂಬುದನ್ನೂ ಬರೆಯಿರಿ.

ಬಾಲ್ಕನಿಯವನು:
ಎರಡು ಬಾರಿ. ಅದು ಊಟದ ತಪ್ಪು, ಬಾಲ್ಕನಿಯದಲ್ಲ.

ನಿವೃತ್ತ ಮೇಷ್ಟ್ರು, ಶಿರಸಿ:
ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ ಲಕ್ಷದ್ವೀಪದ 'ಸಮುದ್ರಂ' ಪ್ರವಾಸ ಮಾಡಿದವನು ನಾನು. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ಕಂಡೆ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭವಿದೆ. ಅಲ್ಲಿನವರ ಭಾಷೆ ಮಹಲ್, ಉಳಿದ ದ್ವೀಪಗಳ ಮಲಯಾಳದಂತಲ್ಲ. ಕುಣಿತ, ಜೂಜು ಏನೂ ಇರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಮಕ್ಕಳ ಕಣ್ಣೆದುರು ಜೂಜುಕಟ್ಟೆ ಇಟ್ಟುಕೊಂಡ ಹಡಗನ್ನು ಕುಟುಂಬದ ಪ್ರವಾಸ ಎಂದು ಮಾರುವುದು ನನಗಂತೂ ಸರಿಕಾಣದು. ಲಕ್ಷದ್ವೀಪದ ಪ್ರವೇಶ ಪರವಾನಗಿಗೆ ಮೊದಲೇ ಓಡಾಡಿ. ಹಡಗಿನಿಂದ ದೋಣಿಗೆ ಇಳಿಯುವಾಗ ದೋಣಿ ಒಂದು ಗಳಿಗೆ ಕಾಲಿನ ಮಟ್ಟಕ್ಕೆ ಬರುತ್ತದೆ, ಮರುಗಳಿಗೆ ಕೆಳಗೆ ಹೋಗುತ್ತದೆ. ನಾವಿಕರಿಬ್ಬರು ತೋಳು ಹಿಡಿದು 'ಈಗ' ಎಂದಾಗ ಕಾಲಿಡಬೇಕು. ನನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ ಸಲೀಸಾಗಿ ಇಳಿದೆ.

ಬಾಲ್ಕನಿಯವನು:
ಜೂಜುಕಟ್ಟೆಗೆ ಮಕ್ಕಳನ್ನು ಬಿಡುವುದೇ ಇಲ್ಲ ಮೇಷ್ಟ್ರೇ. ನೋಡದೆ ತೀರ್ಪು ಕೊಡಬೇಡಿ.

ನಿವೃತ್ತ ಮೇಷ್ಟ್ರು, ಶಿರಸಿ:
ಬಾಗಿಲಾಚೆ ನಿಂತು ಅಪ್ಪನಿಗೆ ಕಾಯುವ ಮಕ್ಕಳಿರುತ್ತವಲ್ಲ, ಅವುಗಳ ಮಾತು ನಾನು ಹೇಳಿದ್ದು.

ದಾವಣಗೆರೆಯ ಸೊಸೆ:
ಎಲ್ಲರಿಗೂ ವಂದನೆ. ಮೇಷ್ಟ್ರೇ, ದೋಣಿಗೆ ಇಳಿಯುವ ವಿಷಯ ಓದಿ ಅತ್ತೆಯವರು 'ನಾನು ಹಡಗಿನಲ್ಲೇ ಕೂತಿರುತ್ತೇನೆ, ನೀವು ಹೋಗಿ ಬನ್ನಿ' ಎನ್ನುತ್ತಿದ್ದಾರೆ. ಹಾಗೆ ಕೂರಲು ಬಿಡುತ್ತಾರೆಯೇ? ಐವರಿಗೆ ಎರಡು ಕೋಣೆ ಹಿಡಿಯಲೇಬೇಕೇ?

ಕುಂದಾಪುರದವಳು:
ನಮ್ಮ ಹಡಗಿನಲ್ಲಿ ಅರ್ಧದಷ್ಟು ಹಿರಿಯರು ಪೆನಾಂಗ್‌ನಲ್ಲಿ ಇಳಿಯಲೇ ಇಲ್ಲ, ಯಾರೂ ಏಳಿಸಲೂ ಇಲ್ಲ. ಕೋಣೆ ಎರಡು ಬೇಕಾಗುತ್ತದೆ, ಅಲ್ಲಿಗೆ ನಿಮ್ಮ ಒಂದೂವರೆ ಲಕ್ಷ ಮುಗಿಯಿತು. ಕೆಟಲ್ ಒಯ್ಯಬೇಡಿ.

ಕಲಬುರಗಿಯ ಲೆಕ್ಕಿಗ:
ತಿದ್ದುಪಡಿ. ರಸೀದಿ ಈಗ ಸಿಕ್ಕಿತು. ನೀರಿನ ಬಾಟಲಿ 60 ಅಲ್ಲ, 70.