ಬ್ಯಾಚ್ ಗುಂಪಿಗೆ ಬಂದ ಬಿಸಿಲಿನ ಫಾರ್ವರ್ಡ್

ಏಪ್ರಿಲ್ ತಿಂಗಳು. ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದವರ ಗುಂಪು. ನಾನು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಕೆಲಸದವರನ್ನೂ ಲೆಕ್ಕವನ್ನೂ ನೋಡಿಕೊಳ್ಳುವವನು.

ಹರೀಶ: (ಫಾರ್ವರ್ಡ್) "ಎಚ್ಚರಿಕೆ! ಈಕ್ವಿನಾಕ್ಸ್ ಕಾರಣ ಮುಂದಿನ 5 ದಿನ ವಿಪರೀತ ಬಿಸಿಲು. ಮಧ್ಯಾಹ್ನ 12ರಿಂದ 3ರವರೆಗೆ ಎಲ್ಲರೂ ಮನೆಯೊಳಗೇ ಇರಿ. ಬಿಸಿಲಿನಿಂದ ಬಂದ ಕೂಡಲೇ ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ. ಮುಖ, ಕೈಕಾಲು ತೊಳೆಯಬೇಡಿ. ಅರ್ಧ ಗಂಟೆ ಕಾಯಿರಿ. ಎಲ್ಲರಿಗೂ ಕಳಿಸಿ."

ಹರೀಶ: ಊರಿನಲ್ಲಿರುವವರು ಜಾಗ್ರತೆ. ಅಮ್ಮನಿಗೂ ಕಳಿಸಿದ್ದೇನೆ.

ಪೂವಯ್ಯ: ಕೊಡಗಿಗೆ ಇದೆಲ್ಲ ಎಲ್ಲಿಂದ ಬಂತು ಮಾರಾಯ? ಇಲ್ಲಿ 33, 34 ಆದರೆ ದೊಡ್ಡದು. ರಾಯಚೂರಿನವರಿಗೆ ಕಳಿಸು.

ಲೀಲಾ: ಹಾಗೆ ಹೇಳಬೇಡ ಪೂವಯ್ಯ. ನಾವು ಚಿಕ್ಕವರಿದ್ದಾಗ ಸೋಮವಾರಪೇಟೆಯಲ್ಲಿ ಎಷ್ಟು ಮನೆಗಳಲ್ಲಿ ಫ್ಯಾನ್ ಇತ್ತು? ಈಗ ಫ್ಯಾನ್ ಇಲ್ಲದೆ ನಿದ್ದೆ ಬರಲ್ಲ. ಬಿಸಿಗಾಳಿ ಅನ್ನೋಕೆ ಹವಾಮಾನ ಇಲಾಖೆಯ ಲೆಕ್ಕ ಬಯಲುಸೀಮೆಗೆ 40 ಡಿಗ್ರಿಯಿಂದ ಶುರು. ಗುಡ್ಡದ ಊರಿಗೆ 30ರಿಂದಲೇ. ಅದರ ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ರಾಯಚೂರಿನ ಅಳತೆಯಲ್ಲಿ ನಮ್ಮನ್ನು ಅಳೆಯೋದು ಸರಿಯಲ್ಲ.

ಪೂವಯ್ಯ: ಸರಿ ಟೀಚರ್. ಈ ಈಕ್ವಿನಾಕ್ಸ್ ಏನು?

ಲೀಲಾ: ಅದು ಮಾರ್ಚ್ 20, 21ರ ಹೊತ್ತಿಗೇ ಮುಗಿಯಿತು. ಹಗಲು, ರಾತ್ರಿ ಹೆಚ್ಚು ಕಡಿಮೆ ಸಮ ಇರುವ ದಿನ, ಅಷ್ಟೇ. ಅದರಿಂದ 5 ದಿನ ಬಿಸಿಲು ಏರಲ್ಲ. ನಮ್ಮ ನೆತ್ತಿಯ ಮೇಲೆ ಸೂರ್ಯ ಬರೋದು ಏಪ್ರಿಲ್ ಕೊನೆಯ ಹೊತ್ತಿಗೆ, ಮತ್ತೆ ಆಗಸ್ಟ್‌ನಲ್ಲಿ. ಆಗಸ್ಟ್‌ನಲ್ಲಿ ಮಳೆಮೋಡ ಇರುತ್ತೆ, ನಮಗೆ ಗೊತ್ತಾಗಲ್ಲ.

ಹರೀಶ: ಕಾರಣ ಏನಾದರೂ ಇರಲಿ ಲೀಲಾ. ಬಿಸಿಲಿಗೆ ಹೋಗಬೇಡಿ ಅಂದರೆ ಯಾರಿಗೆ ನಷ್ಟ? ನಾಲ್ಕು ಜನ ಹುಷಾರಾದರೆ ಒಳ್ಳೇದೇ ಅಲ್ವಾ?

ಸುಮಾ: ನಷ್ಟ ಇದೆ. ನಾನು ನರ್ಸ್ ಆಗಿ ಹೇಳ್ತಿದ್ದೇನೆ, ತಣ್ಣೀರು ಬೇಡ, ತೊಳೆಯಬೇಡಿ, ಅರ್ಧ ಗಂಟೆ ಕಾಯಿರಿ ಅನ್ನೋ ಸಾಲು ಜೀವಕ್ಕೇ ಅಪಾಯ. ಸನ್‌ಸ್ಟ್ರೋಕ್ ಆದವರ ಮೈ 40 ಡಿಗ್ರಿ ದಾಟಿರುತ್ತೆ. ಮಾತು ತೊದಲುತ್ತೆ, ತಲೆ ಕೆಟ್ಟವರ ಹಾಗೆ ಆಡ್ತಾರೆ. ಆಗ ಮೊದಲ ಕೆಲಸ ಮೈ ತಣ್ಣಗೆ ಮಾಡೋದು. ನೆರಳಿಗೆ ತನ್ನಿ. ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ. 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ. ಅರ್ಧ ಗಂಟೆ ಕಾಯ್ತಾ ಕೂತರೆ ಆಸ್ಪತ್ರೆಗೆ ತಂದರೂ ನಮ್ಮ ಕೈಲಿ ಏನೂ ಉಳಿದಿರಲ್ಲ.

ನಾನು: ಸುಮಾ ಹೇಳಿದ್ದು ನನ್ನ ಕಣ್ಣೆದುರೇ ಆಗಿದೆ. 2024ರ ಬೇಸಿಗೆ ನೆನಪಿದೆಯಾ? ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕುಶಾಲನಗರದ ಹತ್ತಿರ ಕಾವೇರಿಯಲ್ಲಿ ಬಂಡೆಗಳೇ ಕಾಣುತ್ತಿದ್ದವು. ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ. ಕೆರೆಯಲ್ಲಿ ಉಳಿದ ನೀರಿಗೆ ಮೋಟಾರ್ ಇಟ್ಟು ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತಿದ್ದೆವು. ಬರೀ ಸಿಲ್ವರ್ ಓಕ್ ಮರ ಇರುವ ಬ್ಲಾಕ್ ಅದು, ನೆರಳು ತೀರಾ ಕಡಿಮೆ. ಅಲ್ಯೂಮಿನಿಯಂ ಪೈಪ್ ಬಿಸಿಲಿಗೆ ಬಿದ್ದಿದ್ದರೆ ಬರಿಗೈಲಿ ಮುಟ್ಟೋಕಾಗಲ್ಲ. ಹೆಗಲಿಗೆ ಟವೆಲ್ ಮಡಿಸಿ ಇಟ್ಟು ಹೊರಬೇಕು. ಹಾಗೆ ಹೊತ್ತು ಬಂದವನೊಬ್ಬ ಪೈಪ್ ಇಳಿಸಿದ. ಸ್ವಲ್ಪ ಹೊತ್ತು ನಿಂತ. ಮತ್ತೆ ಅದನ್ನೇ ಎತ್ತಿಕೊಂಡು ಬಂದ ದಾರಿಯಲ್ಲೇ ವಾಪಸ್ ಹೊರಟ. ಕರೆದರೆ ನನ್ನ ಗುರುತು ಸಿಗಲಿಲ್ಲ. ಹಣೆ ಒಣಗಿತ್ತು, ಒಂದು ಹನಿ ಬೆವರಿಲ್ಲ. ಕುಸಿದು ಕೂತ. ಸ್ಪ್ರಿಂಕ್ಲರ್ ನೀರಿಗೆ ಎಳೆಯೋಣ ಅಂದರೆ ಜೊತೆಯವರು ಬಿಡಲಿಲ್ಲ. "ಬಿಸಿ ಮೈಗೆ ತಣ್ಣೀರು ಬಿದ್ದರೆ ನರ ಹೋಗುತ್ತೆ ಸಾರ್, ಫೋನಿನಲ್ಲಿ ಬಂದಿದೆ" ಅಂದರು. ಅವರನ್ನು ತಳ್ಳಿ ಎಳೆಯಬೇಕಾಯಿತು. ಅವನು ಉಳಿದ. ಇಂಥ ಮೆಸೇಜು ಮೊಬೈಲಿನಲ್ಲೇ ಉಳಿಯಲ್ಲ ಹರೀಶ, ತೋಟದೊಳಗೂ ಬರುತ್ತೆ.

ಹರೀಶ: ಅಯ್ಯೋ. ಆ ಸಾಲು ಬೇಡ, ಒಪ್ಪಿದೆ. ಆದರೆ 12ರಿಂದ 3 ಮನೆಯಲ್ಲಿರಿ ಅನ್ನೋದು ಸರಿ ತಾನೇ?

ನಾನು: ಯಾರ ಮನೆ? ನಿಮ್ಮ ಮನೆಗೆ ಹಂಚು, ಮೇಲೆ ಅಟ್ಟ, ಸುತ್ತ ಮರ. ತೋಟದ ಕೆಲಸದವರ ಲೈನ್ ಮನೆಗೆ ಶೀಟಿನ ಮಾಡು. ರಾತ್ರಿ ಊಟದ ಹೊತ್ತಿಗೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತೆ. ಮಧ್ಯಾಹ್ನ ಒಳಗಿಗಿಂತ ಹೊರಗೆ ಮರದ ಕೆಳಗೇ ವಾಸಿ. ರಾತ್ರಿ ಅಂಗಳದಲ್ಲಿ ಮಲಗೋಣ ಅಂದರೆ ಆನೆ. ಮಕ್ಕಳು ನೆಲಕ್ಕೆ ನೀರು ಚೆಲ್ಲಿ ಅದರ ಮೇಲೆ ಗೋಣಿ ಹಾಸಿ ಮಲಗ್ತಾರೆ.

ಪೂವಯ್ಯ: ನೀನು ನಮ್ಮಂಥ ತೋಟದ ಮಾಲೀಕರನ್ನೇ ಗುರಿ ಇಟ್ಟ ಹಾಗಿದೆ.

ನಾನು: ಗುರಿ ಅಲ್ಲ ಪೂವಯ್ಯ, ಕೇಳ್ತಿದ್ದೇನೆ. ಕೊಡಗಿಗೆ ಬಿಸಿಲೇ ಇಲ್ಲ ಅಂತ ನೀನು ಹೇಳಿದರೆ ನಿಮ್ಮ ರೈಟರ್ ಕೂಡ ಅದನ್ನೇ ಹೇಳ್ತಾನೆ.

ಲೀಲಾ: 2018ರ ಆಗಸ್ಟ್‌ನಲ್ಲೂ ನಾವು "ಕೊಡಗಿಗೆ ಮಳೆ ಹೊಸದಾ" ಅಂತಾನೇ ಇದ್ದೆವು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಬಂತು. 2020ರಲ್ಲಿ ತಲಕಾವೇರಿಯ ಗುಡ್ಡವೇ ಕುಸಿಯಿತು.

ಹರೀಶ: ಹಾಗಾದರೆ ಬೆಳಿಗ್ಗೆ 6ಕ್ಕೆ ಕೆಲಸ ಶುರು ಮಾಡಿ 12ಕ್ಕೆ ಬಿಟ್ಟುಬಿಡಿ. ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾಡ್ತಾರಲ್ಲ.

ಪೂವಯ್ಯ: ಬೆಂಗಳೂರಿನಲ್ಲಿ ಕೂತು ಹೇಳೋಕೆ ಸುಲಭ. 6ಕ್ಕೆ ಆನೆಗಳು ತೋಟದಲ್ಲೇ ಇರುತ್ತವೆ. ಬೇಸಿಗೆಯಲ್ಲಿ ಕಾಡಿನಲ್ಲಿ ನೀರಿಲ್ಲ. ಇಲ್ಲಿ ಕೆರೆ ಇದೆ, ಹಲಸು ಇದೆ. ಕೆಲಸಕ್ಕೆ ನಡೆದು ಬರುವಾಗಲೇ ಎಷ್ಟು ಜನ ಆನೆಗೆ ಸಿಕ್ಕಿಲ್ಲ?

ನಾನು: ಇದು ಪೂವಯ್ಯ ಹೇಳಿದ್ದು ಪೂರ್ತಿ ನಿಜ. ಮಂಜು ತಿಳಿಯಾಗಿ, ಆನೆ ಎಲ್ಲಿದೆ ಅಂತ ಗೊತ್ತಾದ ಮೇಲೇ ನಾನೂ ಜನರನ್ನು ಒಳಗೆ ಬಿಡೋದು. ಬೆಳಿಗ್ಗೆ ಆನೆ, ಮಧ್ಯಾಹ್ನ ಬಿಸಿಲು. ಅದಕ್ಕೇ ಮಧ್ಯಾಹ್ನದ ಬಿಡುವು ದೊಡ್ಡದು ಮಾಡಬೇಕು ಅಂತಿದ್ದೇನೆ. 12ರಿಂದ ಎರಡೂವರೆ. ಹಾಜರಿ ಪೂರ್ತಿ, ಕೂಲಿ ಕಡಿತ ಇಲ್ಲ.

ಪೂವಯ್ಯ: ಪೂರ್ತಿ ಹಾಜರಿ ಕೊಟ್ಟು ಅಷ್ಟು ಹೊತ್ತು ಬಿಟ್ಟರೆ ಕಾಫಿ ಗಿಡ ಸವರೋ ಕಪಾತು ಮುಗಿಯೋದು ಯಾವಾಗ? ಮಳೆ ಶುರುವಾಗೋ ಮೊದಲು ನೆರಳುಮರದ ಕೊಂಬೆ ಕಡಿಯೋ ಮರಕಪಾತೂ ಆಗಬೇಕು. ಗೊಬ್ಬರದ ಬೆಲೆ ನಿನಗೆ ಗೊತ್ತಿಲ್ವಾ?

ನಾನು: ಗೊತ್ತು, ಲೆಕ್ಕ ಬರೆಯೋದು ನಾನೇ. ಬಿಸಿಲಲ್ಲಿ ಮಧ್ಯಾಹ್ನ ಕತ್ತಿ ಹಿಡಿದು ಮರ ಹತ್ತಿದವನಿಗೆ ತಲೆ ಸುತ್ತಿದರೆ ಆ ಲೆಕ್ಕ ಯಾವ ಪುಸ್ತಕದಲ್ಲಿ ಬರೀಲಿ? ಮರದ ಕೆಲಸ ಬೆಳಿಗ್ಗೆಯೇ ಮುಗಿಸೋಣ. ಬಿಡುವು ಮುಗಿದ ಮೇಲೆ ನೆರಳಿರುವ ಬ್ಲಾಕಿನಲ್ಲಿ ಕಾಫಿ ಗಿಡದ ಬೇಡದ ಚಿಗುರು ತೆಗೆಸೋಣ. ಇನ್ನೊಂದು, ನೆರಳುಮರದ ಕೊಂಬೆ ಈ ವರ್ಷ ತುಂಬಾ ಕಡಿಸಬೇಡ. ಅರೇಬಿಕಾ ಕಾಫಿಗೆ ಬಿಸಿಲು ಜಾಸ್ತಿ ಬಿದ್ದರೆ ಕಾಂಡಕೊರಕ ಹುಳ ಬರೋದು ನಿನಗೇ ಗೊತ್ತು.

ಸುಮಾ: ಕೆಲಸದ ಜಾಗದಲ್ಲಿ ನೀರಿನ ಕ್ಯಾನ್ ಇಡಿ. ಬಾಯಾರುವ ಮೊದಲೇ ಆಗಾಗ ಕುಡಿಯಬೇಕು. ಹೆಂಗಸರು ಪಾಪ, ಪಾಯಖಾನೆ ಇಲ್ಲ ಅಂತ ನೀರೇ ಕುಡಿಯಲ್ಲ. ಇದನ್ನು ಯಾರೂ ಹೇಳಲ್ಲ, ನೀವಾದರೂ ನೋಡಿ. ತುಂಬಾ ಬೆವರಿ ಸುಸ್ತಾದವರಿಗೆ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸ ಇರಲಿ.

ಹರೀಶ: ಅಮ್ಮ ಆಗಲೇ ಸಂಘದ ಗುಂಪಿಗೆ ಹಾಕಿಬಿಟ್ಟಿದ್ದಾರೆ. ಸುಮಾ, ನೀನು ಬರೆದದ್ದನ್ನೇ ಒಂದು ಮೆಸೇಜ್ ಮಾಡಿ ಕೊಡು. ಅದನ್ನು ಹಾಕಿಸ್ತೇನೆ.

ಲೀಲಾ: ಆಡಿಯೋ ಮಾಡು ಸುಮಾ. ಲೈನ್‌ನಲ್ಲಿ ಓದು ಬರದವರು ಇದ್ದಾರೆ.

ಪೂವಯ್ಯ: ಶೀಟಿನ ಮೇಲೆ ಸುಣ್ಣ ಬಳಿದರೆ ಒಳಗೆ ಕಾವು ಕಡಿಮೆ ಆಗುತ್ತಂತೆ. ನಿಜಾನಾ?

ನಾನು: ಆಗುತ್ತೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತೆ. ಮಳೆಗೆ ತೊಳೆದು ಹೋಗುತ್ತೆ, ವರ್ಷವೂ ಬಳಿಯಬೇಕು.

ಪೂವಯ್ಯ: ಅದನ್ನು ಈ ವಾರವೇ ಮಾಡಿಸ್ತೇನೆ. ಹಾಜರಿ ವಿಷಯ ಆಮೇಲೆ ಮಾತಾಡೋಣ.

ನಾನು: ಆಮೇಲೆ ಅಂದರೆ ಮಳೆಗಾಲ ಬಂದುಬಿಡುತ್ತೆ. ಸಂಜೆ ಫೋನ್ ಮಾಡ್ತೇನೆ, ಎತ್ತು.