ಅಪ್‌ಡೇಟ್: ಟೈರಿಗೆ ಗಾಳಿ ತುಂಬುವ ಹಗುರವಾದ ಏರ್ ಟ್ಯಾಂಕ್

ಟೈರಿಗೆ ಗಾಳಿ ತುಂಬಲು ಎತ್ತಿಕೊಂಡು ಹೋಗಬಹುದಾದ ಏರ್ ಟ್ಯಾಂಕ್ ಉಕ್ಕಿನದಿರಬೇಕೋ ಅಲ್ಯೂಮಿನಿಯಂನದೋ ಎಂದು ಕೇಳಿದ್ದೆ, ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು. ತೂಕ ಕಡಿಮೆ, ಒಳಗೆ ತೇವ ನಿಂತರೂ ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ ಎಂಬ ಕಾರಣಗಳಿಂದ 20 ಲೀಟರಿನ ಅಲ್ಯೂಮಿನಿಯಂ ಟ್ಯಾಂಕನ್ನು ಆರಿಸಿಕೊಂಡೆ.

ಗಾತ್ರದ ವಿಚಾರದಲ್ಲಿ ನಿಮ್ಮಲ್ಲೊಬ್ಬರು ಸೂಚಿಸಿದ ಲೆಕ್ಕವೇ ನಿರ್ಣಾಯಕವಾಯಿತು. ಟ್ಯಾಂಕಿನ ಒತ್ತಡ ಟೈರಿನ ಒತ್ತಡದ ಮಟ್ಟಕ್ಕೆ ಇಳಿದೊಡನೆ ಹರಿವು ನಿಲ್ಲುವುದರಿಂದ, 8 ಬಾರ್‌ಗೆ ತುಂಬಿದ ಈ ಟ್ಯಾಂಕ್ 2.2 ಬಾರ್ ಬೇಕಿರುವ ಟೈರುಗಳಿಗೆ ಕೊಡಬಲ್ಲದ್ದು, ವಾತಾವರಣದ ಒತ್ತಡದಲ್ಲಿ ಅಳೆದರೆ, ಸುಮಾರು 116 ಲೀಟರ್ ಗಾಳಿ ಮಾತ್ರ. 30 ಲೀಟರ್ ಒಳಜಾಗವಿರುವ ಟೈರಿನಲ್ಲಿ ಅರ್ಧ ಬಾರ್ ಇಳಿದಿದ್ದರೆ 15 ಲೀಟರ್ ಸಾಕು, ಹಾಗಾಗಿ ಕಾರಿನ ನಾಲ್ಕೂ ಟೈರುಗಳು ನಿರಾಯಾಸವಾಗಿ ಸರಿಹೋಗುತ್ತವೆ. ಪೂರ್ತಿ ಗಾಳಿ ಹೋದ ಟೈರಿಗಾದರೋ 66 ಲೀಟರ್ ಬೇಕು, ಅಂಥ ಎರಡನೆಯದಕ್ಕೆ ಉಳಿದದ್ದು ಸಾಲದು. ಸುರಕ್ಷತಾ ವಾಲ್ವ್ ಇಲ್ಲದ ಟ್ಯಾಂಕುಗಳನ್ನು, ಅವು ಎಷ್ಟೇ ಹಗುರವಾಗಿದ್ದರೂ, ಮೊದಲೇ ಪಟ್ಟಿಯಿಂದ ಕೈಬಿಟ್ಟಿದ್ದೆ.